ಮಾತಾಡಿಸಲು ಬಂದವರ ಲೆಕ್ಕ

ಅಪ್ಪನಿಗೆ ಮಾತು ಹೋದ ಮೇಲಿನ ಮೊದಲ ಏಳು ಭಾನುವಾರಗಳಲ್ಲಿ ಬಾಣಸವಾಡಿಯ ನಮ್ಮ ಬಾಡಿಗೆ ಮನೆಗೆ ನಲವತ್ತಾರು ಜನ ಬಂದರು. ಅವರಲ್ಲಿ ಮೂವತ್ತೆಂಟು ಜನರ ಮೊದಲ ಪ್ರಶ್ನೆ ಒಂದೇ: ‘ನಾ ಯಾರು ಹೇಳು ನೋಡೋಣ?’ ಐದು ಜನ ಅದನ್ನೇ ಎರಡನೆಯದಾಗಿ ಕೇಳಿದರು. ಇಬ್ಬರು ಬಂದಾಗ ಅಪ್ಪ ನಿದ್ದೆಯಲ್ಲಿದ್ದ, ಹಾಗಾಗಿ ಕೇಳಲಾಗಲಿಲ್ಲ. ಇನ್ನೊಬ್ಬರು ಅವ್ವನ ಜೊತೆ ಹರಟಿ, ಒಗ್ಗರಣೆ ಅವಲಕ್ಕಿ ತಿಂದು, ಒಳಗೆ ಕಾಯಿಲೆಯವನೊಬ್ಬ ಮಲಗಿದ್ದಾನೆಂಬುದನ್ನೇ ಮರೆತು ಹೊರಟುಹೋದರು. ನಲವತ್ತಾರು ಜನರಲ್ಲಿ ನಾನು ಸ್ವಲ್ಪವಾದರೂ ಗೌರವಿಸುವುದು ಅವರೊಬ್ಬರನ್ನೇ.

ಕಾಯಿಲೆಯವರನ್ನು ನೋಡಿ ಬರುವುದಕ್ಕೆ ನಮ್ಮವರು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಕಾಲು ಮುರಿದವನನ್ನು, ಹೆರಿಗೆಯಾದವಳನ್ನು, ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ಮಾತಾಡಿಸಿಕೊಂಡು ಬಂದ ಅಭ್ಯಾಸದಲ್ಲೇ, ಮಾತೇ ಹೋದ ಮನುಷ್ಯನನ್ನೂ ಮಾತಾಡಿಸಲು ಬಾಳೆಹಣ್ಣು ಹಿಡಿದು ಬಂದರು. ಮೆಟ್ಟಿಲು ಹತ್ತುವಾಗ ಇಲ್ಲದ ದುಃಖವನ್ನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮುಖಕ್ಕೆ ತಂದುಕೊಳ್ಳುತ್ತಿದ್ದರು. ಮಗಳಾದ ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ. ಬಂದ ಸಮಯ, ಹೋದ ಸಮಯ, ಕೇಳಿದ ಪ್ರಶ್ನೆ, ಅಪ್ಪ ಹೇಳಿದ ಪದಗಳ ಸಂಖ್ಯೆ. ಮೆಚ್ಚುಗೆಗೆ ಒಂದು ಕಾಲಂ ಬಿಟ್ಟಿದ್ದೆ. ಅದು ಖಾಲಿಯೇ ಉಳಿಯಿತು.

ಅಪ್ಪ ನೀರು ಬಿಡುವವನು. ಯಾದಗಿರಿ ಕಡೆಯಿಂದ ಬಂದು, ಕಾಕ್ಸ್ ಟೌನಿನ ಬೀದಿಗಳ ಕೆಳಗಿರುವ ಕೊಳವೆಗಳ ವಾಲ್ವ್‌ಗಳನ್ನು ಎದೆಯುದ್ದದ ಕಬ್ಬಿಣದ ಕೀಲಿಯಿಂದ ತಿರುಗಿಸಿ, ಇವತ್ತು ಈ ಬೀದಿಗೆ ನಾಳೆ ಆ ಬೀದಿಗೆ ನೀರು ಹರಿಸುವ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದ್ದಾನೆ. ದಾರಿಯಲ್ಲಿ ಸಿಕ್ಕವರೆಲ್ಲ ‘ನೀರು ಯಾವಾಗ?’ ಎನ್ನುತ್ತಿದ್ದರು. ಅವನು ‘ಬರ್ತದ’ ಎನ್ನುತ್ತಿದ್ದ. ಫೆಬ್ರವರಿಯ ಎರಡನೇ ವಾರ, ಬೆಳಗಿನ ಸುತ್ತು ಮುಗಿಸಿ ಬಂದವನ ಕೈಯಿಂದ ಚಹಾದ ಲೋಟ ಜಾರಿತು. ಬಲಗೈ ಸೋತಿತು, ಮಾತು ನಿಂತಿತು. ತಲೆಯೊಳಗೆ ಉಳಿದೆಲ್ಲ ಮುಚ್ಚಿಕೊಂಡಾಗ ತೆರೆದೇ ಉಳಿದದ್ದು ಮೂರು: ‘ಬರ್ತದ’, ‘ಅಲ್ಲ’ ಮತ್ತು ಒಂದು ಬೈಗುಳ. ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅದನ್ನು ಹದಿನಾಲ್ಕು ಸಲ ಬಳಸಿದ, ಹದಿನಾಲ್ಕು ಸಲವೂ ಸರಿಯಾದ ಜಾಗದಲ್ಲೇ ಬಳಸಿದ.

ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ನನಗೂ ಅವ್ವನಿಗೂ ಹೀಗೆ ಹೇಳಿದ್ದರು:

‘ಅವ್ರಿಗೆ ಬುದ್ಧಿ ಏನೂ ಹೋಗಿಲ್ಲ. ನೀವು ಹೇಳೋದೆಲ್ಲಾ ಅರ್ಥ ಆಗುತ್ತೆ. ಪದ ಸಿಗ್ತಿಲ್ಲ ಅಷ್ಟೆ, ಅದ್ರಲ್ಲೂ ಹೆಸರುಗಳು ತುಂಬಾ ಕಷ್ಟ. ದಿನಕ್ಕೆ ಅರ್ಧ ಗಂಟೆ ಮಾತು ನಡೀಲೇಬೇಕು. ಮೊದಲ ಆರು ತಿಂಗಳು ಮುಖ್ಯ. ಅವ್ರೇ ಬೇಸತ್ತು ಸುಮ್ನೆ ಕೂತ್ಬಿಟ್ರೆ ಆಮೇಲೆ ಎಳೆಯೋದು ಕಷ್ಟ.’

‘ಏನಂತ ಮಾತಾಡಿಸ್ಬೇಕು ಮೇಡಂ?’

‘ನಿಮಗೆ ಗೊತ್ತಿಲ್ಲದ್ದನ್ನ ಕೇಳಿ. ಗೊತ್ತಿರೋದನ್ನೇ ಕೇಳಿದ್ರೆ ಅದು ಪರೀಕ್ಷೆ ಆಗುತ್ತೆ.’

ನಾನು ಬರೆದುಕೊಂಡೆ. ಬರೆದುಕೊಂಡದ್ದಷ್ಟೇ ಬಂತು.

ಬಂದವರಿಗೆಲ್ಲ ಇದನ್ನು ಬಾಗಿಲಲ್ಲೇ ಹೇಳಿ ನೋಡಿದೆ. ಹೆಸರು ಕೇಳಬೇಡಿ ಎಂದರೆ ತಲೆಯಾಡಿಸಿ ಒಳಗೆ ಹೋಗಿ ಹೆಸರನ್ನೇ ಕೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಅಪ್ಪನ ಮಾತಲ್ಲ, ತಮ್ಮನ್ನು ಇನ್ನೂ ನೆನಪಿಟ್ಟಿದ್ದಾನೆಂಬ ರಸೀದಿ. ಎಲ್ಲರಿಗಿಂತ ಕಡೆಯೆಂದರೆ ಕೆ.ಆರ್. ಪುರದ ಕಾಕಾ, ಅಪ್ಪನ ಸ್ವಂತ ತಮ್ಮ. ಏಳರಲ್ಲಿ ಆರು ಭಾನುವಾರ ಬಂದ. ಕಿವುಡರ ಮುಂದೆ ಬಾಗುವ ಹಾಗೆ ಮಂಚದ ಮೇಲೆ ಬಾಗಿ ಕೂಗುತ್ತಿದ್ದ.

‘ಅಣ್ಣಾ, ನಾ ಯಾರು ಹೇಳು.’

ಅಪ್ಪ ಎಡಗೈಯನ್ನು ಅವನ ಕಡೆ ಚಾಚಿದ. ‘ಬರ್ತದ,’ ಅಂದ.

‘ಬರ್ತದಂತ. ಬಂದು ಮುಂದ ನಿಂತೀನಲ್ಲೋ ಮಾರಾಯಾ. ಹೆಸರು ಹೇಳು, ಹೆಸರು. ಮೊದಲಕ್ಷರ ಹೇಳಿಕೊಡ್ಲೇನು?’

‘ಹೆಸರು ಯಾಕ ಬೇಕೋ ನಿನಗ?’ ಅವ್ವ ಒಲೆಯ ಕಡೆಯಿಂದ ಕೇಳಿದಳು. ‘ಆಧಾರ್ ಕಾರ್ಡ್ ಮಾಡಸ್ಲಿಕ್ಕ ಬಂದೀಯೇನು?’

ಕಾಕಾ ಅವಳ ಕಡೆ ತಿರುಗಿ, ಅಪ್ಪ ಆ ಕೋಣೆಯಲ್ಲೇ ಇಲ್ಲವೆಂಬಂತೆ ದನಿ ತಗ್ಗಿಸಿದ. ‘ಪೂರಾ ಹೋಗ್ಯಾದ ನೋಡ್ರಿ ವೈನಿ. ನನ್ನೇ ಗುರ್ತಾ ಹಿಡೀಲಿಲ್ಲಂದ್ರ ಮುಗೀತು.’

ಅಪ್ಪ ಬೈಗುಳ ಹೇಳಿದ.

‘ಇದೊಂದು ಮಾತ್ರ ಚಂದ ಬರ್ತದ,’ ಅಂದ ಕಾಕಾ.

ಆ ದಿನದಿಂದ ಯಾರಾದರೂ ಮಂಚದ ಹತ್ತಿರ ಬಂದರೆ ಅಪ್ಪ ಗೋಡೆಗೆ ಮುಖ ತಿರುಗಿಸತೊಡಗಿದ. ಅರ್ಧ ಗಂಟೆಯ ಮಾತು ಐದು ನಿಮಿಷಕ್ಕೆ ಇಳಿಯಿತು. ನನಗೆ ಹೆದರಿಕೆಯಾದದ್ದು ಆಗಲೇ. ಡಾಕ್ಟರಮ್ಮ ಹೇಳಿದ ಆರು ತಿಂಗಳಲ್ಲಿ ಎರಡು ಕಳೆಯುತ್ತ ಬಂದಿದ್ದವು.

ಆ ಮೂರ್ಖರಿಗಿಂತ ನನಗೆ ಚೆನ್ನಾಗಿ ಪ್ರಶ್ನೆ ಕೇಳಲು ಬರುತ್ತದೆ ಎಂಬ ನಂಬಿಕೆ ನನಗಿತ್ತು, ಏಕೆಂದರೆ ನನ್ನ ಸಂಬಳವೇ ಅದರಿಂದ ಬರುತ್ತದೆ. ಇಂದಿರಾನಗರದ ಒಂದು ಆಫೀಸಿನಲ್ಲಿ ಗ್ರಾಹಕರ ಕರೆಗಳ ರೆಕಾರ್ಡಿಂಗ್ ಕೇಳಿ ಅಂಕ ಹಾಕುವುದು ನನ್ನ ಕೆಲಸ. ದಿನಕ್ಕೆ ಮೂವತ್ತು ಕರೆ, ಪ್ರತಿ ಕರೆಗೆ ಹತ್ತು ಅಂಕದ ಹಾಳೆ. ಏಳನೆಯ ಸಾಲು ಹೀಗಿದೆ: ‘ಹೌದು, ಇಲ್ಲ ಎಂದು ಮುಗಿಯದಂಥ ಪ್ರಶ್ನೆ ಕೇಳಿದರೇ?’ ಇದಕ್ಕೆ ಮುಕ್ತ ಪ್ರಶ್ನೆ ಎಂದು ಹೆಸರು. ಮಾತು ಮುಂದುವರಿಯುವುದು ಇದರಿಂದಲೇ ಎಂದು ಕಲಿಸಲು ನಮಗೆ ಎರಡು ದಿನದ ತರಬೇತಿ ಇತ್ತು. ಅದರ ಫಲ ನನ್ನ ಕಿವಿಗೆ ದಿನವೂ ಬೀಳುತ್ತದೆ.

‘ನಮ್ಮ ಮಿಕ್ಸಿ ಜೊತೆ ನಿಮ್ಮ ಅನುಭವ ಹೇಗಿತ್ತು ಅಂತ ಹೇಳ್ತೀರಾ ಸರ್?’

‘ಜಾರ್ ಒಡೆದೋಗಿದೆ ಅಂತ ಆಗ್ಲೇ ಹೇಳಿದ್ನಲ್ಲಮ್ಮ.’

‘ಅದ್ರ ಬಗ್ಗೆ ಇನ್ನಷ್ಟು ಹೇಳಿ ಸರ್.’

‘ಇನ್ನೇನ್ ಹೇಳ್ಲಿ? ಮೊದ್ಲು ಒಂದೇ ಇತ್ತು, ಈಗ ನಾಲ್ಕ್ ಚೂರಾಗಿದೆ.’

ನಾನು ಏಳನೆಯ ಸಾಲಿಗೆ ಪೂರ್ತಿ ಅಂಕ ಕೊಟ್ಟೆ. ನಿಯಮ ನಿಯಮವೇ.

ಏಪ್ರಿಲ್ ಮೊದಲ ವಾರ ಇದೇ ಬುದ್ಧಿವಂತಿಕೆಯನ್ನು ಮನೆಗೆ ತಂದೆ. ನಲವತ್ತು ಮುಕ್ತ ಪ್ರಶ್ನೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದೆ. ಸಂಜೆ ಏಳಕ್ಕೆ ಕುರ್ಚಿ ಎಳೆದುಕೊಂಡು ಕೂತು ಶುರು ಮಾಡಿದೆ.

‘ಅಪ್ಪಾ, ನೀ ಸಣ್ಣಾಂವ ಇದ್ದಾಗ ಭಾಳ ಖುಷಿ ಆದ ದಿನ ಯಾವ್ದು?’

ಅಪ್ಪ ನನ್ನ ಮುಖ ನೋಡಿದ.

‘ಅದೇನು ಟೀವಿಯವರ ಹಂಗ ಕೇಳ್ತಿ?’ ಅಂದಳು ಅವ್ವ. ‘ಮುಂದಿಂದು ಏನು, ಪ್ರೇಕ್ಷಕರಿಗೆ ನಿಮ್ಮ ಸಂದೇಶ ಏನಂತನಾ?’

ಹೆಚ್ಚು ಕಡಿಮೆ ಅದೇ ಇತ್ತು, ಹನ್ನೆರಡನೆಯ ಪ್ರಶ್ನೆಯಾಗಿ. ಮೊದಲ ದಿನ ಅಪ್ಪ ಹನ್ನೊಂದು ಪದ ಹೇಳಿದ. ನಾಲ್ಕನೇ ದಿನ ಆರು. ಎರಡನೇ ವಾರದಲ್ಲಿ ನೋಟ್‌ಬುಕ್ ಕಂಡರೆ ಕಣ್ಣು ಮುಚ್ಚತೊಡಗಿದ. ಒಂದು ಸಂಜೆ ಎಡಗೈ ಚಾಚಿ ನೋಟ್‌ಬುಕ್ಕನ್ನು ನಿಧಾನವಾಗಿ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಮಲಗಿದ. ಆ ದಿನದ ಲೆಕ್ಕ ಸೊನ್ನೆ. ನಲವತ್ತು ಪ್ರಶ್ನೆಗಳಲ್ಲಿ ಒಂದಕ್ಕೂ ನನಗೆ ನಿಜವಾಗಿ ಉತ್ತರ ಬೇಕಿರಲಿಲ್ಲ, ಅದು ಅವನಿಗೆ ಮೊದಲ ಪ್ರಶ್ನೆಯಲ್ಲೇ ಗೊತ್ತಾಗಿತ್ತು. ಕಾಕಾ ಕೂಗಿ ಮಾಡಿದ್ದನ್ನು ನಾನು ಮೆಲ್ಲಗೆ ಮಾಡಿದ್ದೆ, ಅಷ್ಟೆ ವ್ಯತ್ಯಾಸ.

ಮೇ ತಿಂಗಳ ಮೊದಲ ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ನಲವತ್ತರ ಆಸುಪಾಸು, ಎತ್ತರದ ಆಳು, ಹಲಸೂರಿನವನು. ಅಪ್ಪನ ಜಾಗಕ್ಕೆ ಹಾಕಿರುವ ಹೊಸ ವಾಲ್ವ್‌ಮ್ಯಾನ್ ತಾನೇ ಎಂದ. ಗುರುವಾರ ಅವನ ಭಾಗಕ್ಕೆ ನೀರಿಲ್ಲದ ದಿನ. ನನಗೂ ಅಂದು ಮನೆಯಿಂದಲೇ ಕೆಲಸ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಬಾಳೆಹಣ್ಣು ತಂದಿರಲಿಲ್ಲ. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಸ್ಟೂಲನ್ನು ಕಾಲಿನಿಂದಲೇ ಎಳೆದು ಕೂತ.

‘ಯಜಮಾನ್ರೇ, ಚರ್ಚ್ ಹಿಂದಿನ ಕ್ರಾಸಲ್ಲಿ ವಾಲ್ವ್ ಎಲ್ಲೈತೆ? ಹೊಸಾ ಟಾರ್ ಹಾಕಿ ಮುಚ್ಚಳನೆಲ್ಲಾ ಮುಚ್ಚಾಕ್ಬಿಟ್ಟವ್ರೆ. ಬೇಕರಿ ಮುಂದೆ ತಾನೆ?’

‘ಅಲ್ಲ,’ ಅಂದ ಅಪ್ಪ.

‘ಟ್ರಾನ್ಸ್‌ಫಾರ್ಮರ್ ಪಕ್ಕ?’

‘ಅಲ್ಲ.’

‘ಅಲ್ಲ ಅಲ್ಲ ಅಂದ್ರೆ ಇನ್ನೆಲ್ಲಿ? ಆಫೀಸಿನ ನಕ್ಷೇಲಿ ಬೇಕರಿ ಮುಂದೆ ಅಂತಾನೇ ಬರ್ದೈತೆ.’

ಅಪ್ಪ ಎಡಗೈ ಊರಿ ಎದ್ದು ಕೂತ. ‘ನಕ್ಷಿ,’ ಅಂದು ಬೈಗುಳ ಹಾಕಿದ. ‘ನಕ್ಷಿ ಸುಳ್ಳು. ಗೇಟು. ಹಸಿರು. ಹಸಿರು ಗೇಟು. ಅಲ್ಲಿಂದ...’ ಮುಂದಿನ ಪದ ಸಿಗಲಿಲ್ಲ. ಎರಡು ಬೆರಳನ್ನು ಕಾಲು ಮಾಡಿ ಹಾಸಿಗೆಯ ಮೇಲೆ ನಡೆಸಿದ. ಬೆರಳು ನಾಲ್ಕು ಹೆಜ್ಜೆ ಹೋಗಿ ನಿಂತವು.

‘ನಾಲ್ಕು ಹೆಜ್ಜೆ. ನಿಮ್ ಹೆಜ್ಜೇನೋ ನನ್ ಹೆಜ್ಜೇನೋ?’

ಅಪ್ಪ ಅವನ ಉದ್ದ ಕಾಲನ್ನು ನೋಡಿದ. ‘ನಂದು,’ ಅಂದ. ‘ನಿಂದು... ಮೂರು.’ ಆಮೇಲೆ ನಕ್ಕ. ಫೆಬ್ರವರಿಯಿಂದ ಅವನು ನಕ್ಕದ್ದನ್ನು ನಾನು ಬರೆದಿರಲಿಲ್ಲ, ಏಕೆಂದರೆ ನಕ್ಕಿರಲಿಲ್ಲ.

ಇಪ್ಪತ್ತೆರಡು ನಿಮಿಷ, ನಲವತ್ತೇಳು ಪದ. ನಡುವೆ ಆ ಮನುಷ್ಯ ಎರಡು ಸಲ ಫೋನ್ ಎತ್ತಿ ತಮಿಳಿನಲ್ಲಿ ಯಾರನ್ನೋ ಗದರಿಸಿದ, ಒಮ್ಮೆ ಬಾಯಿ ತೆರೆದು ಆಕಳಿಸಿದ. ಕೇಳಿದ್ದು ಹೆಚ್ಚುಕಡಿಮೆ ಎಲ್ಲ ಹೌದು-ಅಲ್ಲ ಎಂಬ ಪ್ರಶ್ನೆಗಳು. ನನ್ನ ಹಾಳೆಯಲ್ಲಿ ಅವನಿಗೆ ಹತ್ತಕ್ಕೆ ಒಂದು ಅಂಕವೂ ಹುಟ್ಟುತ್ತಿರಲಿಲ್ಲ. ಸಿಗುವಷ್ಟು ಸಿಕ್ಕ ಕೂಡಲೇ ಅವ್ವ ಸೋಸುತ್ತಿದ್ದ ಚಹಾಕ್ಕೂ ನಿಲ್ಲದೆ ಎದ್ದು ಹೋದ.

‘ಎಂಥಾ ಮನಿಷ್ಯಾ ಇದ್ದಾನ ನೋಡು,’ ಅಂದಳು ಅವ್ವ. ‘ಅಂಗಡಿಗಿ ಬಂದಾಂಗ ಬಂದು ಹೋದ.’

ಆ ಮಾತನ್ನು ನಾನು ಅವನ ಹೆಸರಿನ ಮುಂದೆ ಬರೆದಿಟ್ಟೆ. ಅವನ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಮುಂದಿನ ಗುರುವಾರ ಮತ್ತೆ ಬಂದ. ‘ಸಿಕ್ತು, ಮೂರೇ ಹೆಜ್ಜೆ,’ ಎಂದು ಕೂರುವ ಮೊದಲೇ ಇನ್ನೊಂದು ಬೀದಿಯ ಪ್ರಶ್ನೆ ಎತ್ತಿದ. ಅದರ ಮುಂದಿನ ಗುರುವಾರವೂ ಬಂದ. ಬುಧವಾರವೇ ಅಪ್ಪ ಗದ್ದ ಸವರಿ ಕ್ಷೌರಕ್ಕೆ ಸನ್ನೆ ಮಾಡತೊಡಗಿದ. ಗುರುವಾರ ಬೆಳಿಗ್ಗೆ ಅಂಗಿ ಬೇಕು, ಲುಂಗಿಯಲ್ಲ ಪ್ಯಾಂಟೇ ಬೇಕು. ಪದಗಳು ಐವತ್ತೆಂಟು, ಎಪ್ಪತ್ತೊಂದು, ತೊಂಬತ್ತು ಎಂದು ಏರಿದವು. ಉಳಿದ ದಿನಗಳಲ್ಲೂ ಉಪ್ಪು, ಕಿಟಕಿ, ಸೆಕೆ ಎಂಬ ಬಿಡಿ ಪದಗಳು ಬರತೊಡಗಿದವು.

ಒಂದೇ ಒಂದು ತೊಡಕಿತ್ತು. ಆ ಮನುಷ್ಯ ಪ್ರತಿ ಸಲ ಎರಡು ವಾಲ್ವ್ ಕೇಳುತ್ತಿದ್ದ. ಅಪ್ಪ ಒಂದನ್ನು ಹೇಳುತ್ತಿದ್ದ, ಎರಡನೆಯದಕ್ಕೆ ‘ಬರ್ತದ’ ಎಂದು ದಿಂಬಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ‘ಪಾಪ, ನೆನಪು ಬರ್ತಿಲ್ಲ,’ ಎಂದು ಅವನು ಮೆಟ್ಟಿಲು ಇಳಿಯುತ್ತಿದ್ದ. ನಾನು ‘ಆಯಾಸ’ ಎಂದು ಬರೆಯುತ್ತಿದ್ದೆ. ಒಂಬತ್ತು ಗುರುವಾರ, ಒಂಬತ್ತು ವಾಲ್ವ್, ಒಂಬತ್ತು ಆಯಾಸ. ಅಂಕಿಗಳು ಇಷ್ಟು ನೆಟ್ಟಗೆ ನಿಂತಿದ್ದರೂ, ಅಂಕಿ ನೋಡುವುದೇ ಕಸುಬಾದ ನನಗೆ ಏನೂ ಹೊಳೆಯಲಿಲ್ಲ.

ಒಂಬತ್ತನೆಯದರ ಮರುದಿನ ಶುಕ್ರವಾರ. ಅಪ್ಪನಿಗೆ ಗಂಜಿ ಕುಡಿಸುತ್ತ, ಆ ಹಲಸೂರಿನವನ ಧಾಟಿಯನ್ನೇ ಕದ್ದು, ಬೇಕೆಂದೇ ತಪ್ಪು ಹೇಳಿದೆ.

‘ಅಪ್ಪಾ, ನಿನ್ನೆ ನಿನಗ ನೆನಪಾಗ್ಲಿಲ್ಲಲ್ಲ, ಪಾರ್ಕಿನ ಹಿಂದಿಂದು. ಅದು ಹಾಲಿನ ಬೂತಿನ ಮುಂದೇ ಅದ, ಹೌದಿಲ್ಲೋ?’

‘ಅಲ್ಲ,’ ಅಂದ ತಡವಿಲ್ಲದೆ. ‘ಹಾಲು ಅಲ್ಲ. ಮೂಲ್ಯಾಗ. ಇಸ್ತ್ರಿ... ಇಸ್ತ್ರಿ ಗಾಡಿ. ಕೆಳಗ.’

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅಪ್ಪ ನನ್ನ ಮಣಿಕಟ್ಟು ಹಿಡಿದ. ಎಡಗೈಯಲ್ಲಿ ಇನ್ನೂ ಕೀಲಿ ತಿರುಗಿಸುವ ಬಲವಿತ್ತು.

‘ಹೇಳಬ್ಯಾಡ,’ ಅಂದ.

‘ಯಾಕ?’

‘ಗುರುವಾರ.’

ಒಂಬತ್ತು ವಾರ ನಾನು ಆಯಾಸವೆಂದು ಬರೆದದ್ದು ಜಿಪುಣತನವಾಗಿತ್ತು. ಮುಂದಿನ ವಾರವೂ ಅವನು ಬರಲೇಬೇಕಾದಷ್ಟನ್ನು ಅಪ್ಪ ಪ್ರತಿ ಸಲ ಉಳಿಸಿಕೊಳ್ಳುತ್ತಿದ್ದ. ಮಾತು ನಿಲ್ಲದಂತೆ ನೋಡಿಕೊಳ್ಳುವುದು ಕೇಳುವವನ ಜಾಣತನ ಎಂದು ನಮಗೆ ಎರಡು ದಿನ ಕಲಿಸಿದ್ದರಲ್ಲ, ಆ ತರಬೇತುದಾರನನ್ನು ಕರೆತಂದು ಈ ಮಂಚದ ಮುಂದೆ ಕೂರಿಸಬೇಕೆನಿಸಿತು. ‘ಇನ್ನ ಎಷ್ಟು ಉಳದಾವ?’ ಎಂದು ಕೇಳಿದೆ. ಅಪ್ಪ ಮೂರು ಬೆರಳು ತೋರಿಸಿದ.

ಶನಿವಾರ ಸಂಜೆ ಆಫೀಸಿನಿಂದ ಬರುವಾಗ ಆ ಮನುಷ್ಯ ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದ. ಮುಖ ಕಪ್ಪಿಟ್ಟಿತ್ತು.

‘ಸಿಸ್ಟರ್, ಪಾರ್ಕ್ ಹಿಂದೆ ಎರಡ್ ಬೀದಿಗೆ ನೀರು ನೂಲಿನಷ್ಟೂ ಬರ್ತಿಲ್ಲ. ಆ ವಾಲ್ವ್ ಅರ್ಧ ಮುಚ್ಕೊಂಡು ಕೂತ್ಬಿಟ್ಟೈತೆ, ಮುಚ್ಚಳ ಸಿಕ್ಕದೆ ಏನೂ ಮಾಡಕ್ಕಾಗಲ್ಲ. ನಿಮ್ಗೇನಾದ್ರೂ ಅವ್ರು ಹೇಳಿದ್ರಾ?’

ಹೇಳಿದ್ದ. ನಿನ್ನೆಯೇ, ಗಂಜಿ ಕುಡಿಯುತ್ತ.

‘ನನಗೇನ್ ಗೊತ್ತು?’ ಎಂದೆ.

‘ಚಿಕ್ಕೋರಿದ್ದಾಗ ಅವ್ರ ಜೊತೆ ಬರ್ತಿದ್ರಂತಲ್ಲ. ಯೋಚ್ನೆ ಮಾಡಿ. ಆ ಒಂದ್ ಸಿಕ್ಬಿಟ್ರೆ, ಇನ್ನೆರಡು ಹೆಂಗೋ ನಾನೇ ಹುಡ್ಕೋತೀನಿ. ನಿಮ್ಗೂ ತೊಂದ್ರೆ ತಪ್ಪುತ್ತೆ.’

‘ಗುರುವಾರ ಬನ್ನಿ. ಅವರನ್ನೇ ಕೇಳಿ,’ ಎಂದು ಮೆಟ್ಟಿಲು ಹತ್ತಿದೆ.

ಶನಿವಾರದಿಂದ ಗುರುವಾರಕ್ಕೆ ಐದು ದಿನ. ಎರಡು ಬ್ಲಾಕ್ ಆಚೆಯ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುವವರನ್ನು ಸೋಮವಾರ ಬಸ್ಸಿನಿಂದ ನೋಡಿದೆ. ಆ ಎರಡು ಬೀದಿಗಳಿಂದ ಒಬ್ಬರೂ ಅಪ್ಪನನ್ನು ಮಾತಾಡಿಸಲು ಬಂದಿರಲಿಲ್ಲ ಎಂದು ನೋಟ್‌ಬುಕ್ ತಿರುವಿ ಖಚಿತಪಡಿಸಿಕೊಂಡೆ. ಬಂದಿದ್ದರೆ ಅವರನ್ನೂ ಹೀನಾಯವಾಗಿಯೇ ಬರೆದಿಡುತ್ತಿದ್ದೆ ಎಂಬುದು ಬೇರೆ ಮಾತು. ಐದು ದಿನವೂ ಅವರ ತಪ್ಪುಗಳನ್ನು ಹುಡುಕುತ್ತಲೇ ಇದ್ದೆ. ನೀರು ಕೊಡದೆ ಇಟ್ಟವರಿಗೆ ಅದು ಬೇಕಾಗುತ್ತದೆ.

ಗುರುವಾರ ಆ ಮನುಷ್ಯ ಸ್ಟೂಲಿನ ಮೇಲೆ ಕೂತವನೇ ಏನೂ ಕೇಳಲಿಲ್ಲ. ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ‘ದಿನಾ ಬೈಸ್ಕೊಂಡು ಸಾಕಾಯ್ತು ಯಜಮಾನ್ರೇ,’ ಅಂದ.

ಅಪ್ಪ ದಿಂಬು ಬಿಟ್ಟು ಅವನ ಕಡೆ ಬಾಗಿದ.

‘ಎಷ್ಟು... ಮನಿ?’ ಅಂದ.

ಕಾಯಿಲೆ ಬಿದ್ದ ಮೇಲೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು.

‘ಇಪ್ಪತ್ತಾರು. ಕೊನೇ ಮನೆ ಅಜ್ಜಿ ಇಂಗ್ಲಿಷಲ್ಲಿ ಬೈತಾರೆ. ಏನಂತ ಅರ್ಥ ಆಗಲ್ಲ, ಆದ್ರೂ ಅಳು ಬರುತ್ತೆ.’

‘ಎಷ್ಟು ದಿನ?’

‘ಹತ್ತಾಯ್ತು.’

ಅಪ್ಪ ನನ್ನ ಕಡೆ ನೋಡಿದ. ಮೆಟ್ಟಿಲ ಕೆಳಗಿನ ಮಾತು ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಆದರೂ ನಾನು ನೋಟ್‌ಬುಕ್ ನೋಡಿದೆ. ಆಮೇಲೆ ಅವನು ಇಸ್ತ್ರಿ ಗಾಡಿಯ ಕೆಳಗಿನದನ್ನು ಹೇಳಿದ. ಕೇಳದಿದ್ದರೂ ಉಳಿದೆರಡನ್ನೂ ಹೇಳಿದ. ಪದ ಸಿಗದ ಕಡೆ ಬೆರಳು ನಡೆಸಿದ, ಬೆರಳು ಸಾಲದ ಕಡೆ ಲೋಟ, ಚಮಚ, ಮಾತ್ರೆಯ ಡಬ್ಬಿಗಳನ್ನು ಮನೆ-ಕಂಬ-ತಿರುವುಗಳ ಹಾಗೆ ಹಾಸಿಗೆಯ ಮೇಲೆ ಜೋಡಿಸಿದ. ನೂರಾ ಮೂವತ್ತೊಂದು ಪದ. ಆ ಮನುಷ್ಯ ಹಣೆ ಬಡಿದುಕೊಂಡು ಎದ್ದ. ಅವನು ಚಪ್ಪಲಿ ಮೆಟ್ಟುವ ಸದ್ದನ್ನು ಅಪ್ಪ ಕೊನೆಯವರೆಗೂ ಕೇಳಿಸಿಕೊಂಡ.

‘ಎಲ್ಲಾ ಯಾಕ ಹೇಳಿಬಿಟ್ಟಿ?’ ಎಂದು ಸಿಟ್ಟಿನಿಂದ ಕೇಳಿದೆ.

‘ನೀರು,’ ಅಂದ ಅಪ್ಪ. ಅದಕ್ಕಿಂತ ಹೆಚ್ಚಿಗೆ ಹೇಳಲು ಪದವಿರಲಿಲ್ಲವೋ, ಅಗತ್ಯವಿರಲಿಲ್ಲವೋ.

ಮುಂದಿನ ಗುರುವಾರ ಆ ಮನುಷ್ಯ ಬರಲಿಲ್ಲ. ಬರುತ್ತಾನೆಂದು ನಾನೂ ಎಣಿಸಿರಲಿಲ್ಲ. ಅಪ್ಪ ಕ್ಷೌರ ಮಾಡಿಸಿಕೊಂಡು, ಪ್ಯಾಂಟು ತೊಟ್ಟು ಸಂಜೆ ಐದರವರೆಗೆ ಕೂತಿದ್ದ. ಅದರ ಮುಂದಿನ ಗುರುವಾರ ಅಂಗಿ ಮಾತ್ರ. ಮೂರನೆಯದಕ್ಕೆ ಕ್ಷೌರವೂ ಬೇಡವೆಂದ. ಪದಗಳು ಐವತ್ತೆರಡು, ಇಪ್ಪತ್ತು, ಎಂಟು. ಭಾನುವಾರ ಕಾಕಾ ಬಂದು ನಿಂತ ಕೂಡಲೇ ಅಪ್ಪ ಗೋಡೆಗೆ ತಿರುಗಿದ. ಕ್ಯಾಲೆಂಡರಿನಲ್ಲಿ ಆರನೆಯ ತಿಂಗಳು ತುಂಬಲು ಹನ್ನೊಂದು ದಿನ ಉಳಿದಿತ್ತು. ನಾನೂ ಹಲಸೂರಿನವನ ಧಾಟಿಯಲ್ಲಿ ಒಂದೊಂದೇ ಸುಳ್ಳು ಹೇಳಿ ನೋಡಿದೆ. ಆ ಹಸಿರು ಗೇಟು ನೀಲಿ ಅಲ್ಲವೇನು ಅಂದೆ. ಅಪ್ಪ ಕರುಣೆಯಿಂದ ನನ್ನನ್ನು ನೋಡಿದ. ಆ ವಾಲ್ವ್ ಸಿಕ್ಕಾಗಿದೆ, ನನಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಕಾಕ್ಸ್ ಟೌನಿಗೆ ಹೋದೆ. ಆ ಮನುಷ್ಯ ಒಂದು ಹೊಸ ಅಪಾರ್ಟ್‌ಮೆಂಟಿನ ಮುಂದೆ ಕೀಲಿಯನ್ನು ಹೆಗಲಿಗಿಟ್ಟು ಬನ್ನು ತಿನ್ನುತ್ತಿದ್ದ.

‘ಗುರುವಾರ ಬರ್ಲೇ ಇಲ್ಲ ನೀವು.’

‘ಎಲ್ಲಾ ಸಿಕ್ತಲ್ಲ ಸಿಸ್ಟರ್. ಇನ್ನೇನ್ ಕೆಲ್ಸ ನಂಗೆ ಅಲ್ಲಿ?’

ಆರು ತಿಂಗಳಲ್ಲಿ ನಮ್ಮ ಮನೆಗೆ ಬಂದವರಲ್ಲಿ ಸುಳ್ಳು ಕಕ್ಕುಲತೆಯಿಲ್ಲದೆ ಮಾತಾಡಿದವನು ಅವನೊಬ್ಬನೇ. ಅದಕ್ಕಾಗಿ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಸುಮ್ಮನೆ ಬಂದು ಅಪ್ಪನ ಹತ್ತಿರ ಕೂತುಹೋಗಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಪಾಪ ಅಂದುಕೊಂಡು ಬರುತ್ತಿದ್ದನೇನೋ, ಬಾಳೆಹಣ್ಣನ್ನೂ ತರುತ್ತಿದ್ದನೇನೋ. ಹಾಗೆ ಬಂದವರು ಆಗಲೇ ನಲವತ್ತಾರು ಜನ ಆಗಿದ್ದರು.

‘ಇನ್ನೊಂದಿದೆಯಂತೆ,’ ಎಂದೆ.

ಅವನು ಬನ್ನು ಅಗಿಯುವುದನ್ನು ನಿಲ್ಲಿಸಿದ. ‘ಇನ್ನೊಂದಾ? ಎಲ್ಲಿ?’

‘ನನಗೆ ಹೇಳಲ್ಲ. ನಿಮಗೇ ಹೇಳ್ತಾರಂತೆ.’

ಅಪ್ಪನಿಗೆ ಇದನ್ನು ತಿಳಿಸುವ ಧೈರ್ಯ ನನಗೆ ಬರಲಿಲ್ಲ. ಗುರುವಾರ ಮಧ್ಯಾಹ್ನ ಆ ಮನುಷ್ಯ ಎಂದಿನಂತೆ ಕಾಲಿನಿಂದ ಸ್ಟೂಲು ಎಳೆದಾಗ ಅಪ್ಪ ಗೋಡೆಯ ಕಡೆಯಿಂದ ಇತ್ತ ಹೊರಳಿದ. ಕ್ಷೌರವಿಲ್ಲದ ಗದ್ದವನ್ನು ಕೈಯಿಂದ ಮುಚ್ಚಿಕೊಂಡ.

‘ಯಜಮಾನ್ರೇ, ಇನ್ನೊಂದೈತಂತೆ. ಸಿಸ್ಟರ್ ಹೇಳಿದ್ರು.’

ಅಪ್ಪ ನನ್ನನ್ನು ನೋಡಿದ. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಅಂದು ಗಂಜಿ ಕುಡಿಯುವಾಗ ತೋರಿಸಿದ ಮೂರು ಬೆರಳಿನಾಚೆ ಇನ್ನೊಂದು ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

‘ಅದ,’ ಅಂದ ಅಪ್ಪ.

‘ಎಲ್ಲಿ? ಸ್ಕೂಲಿನ ಗೇಟ್ ಹತ್ರಾನಾ?’

‘ಅಲ್ಲ.’ ಅಪ್ಪ ಎಡಗೈ ಊರಿ ಎದ್ದು ಕೂತ. ‘ಹುಣಸಿ ಗಿಡ.’

‘ಅಲ್ಲೆಲ್ಲೂ ಹುಣಸೆ ಮರ ಇಲ್ವಲ್ಲ.’

‘ಇತ್ತು. ಕಡದಾರ. ಮನಿ ಇತ್ತು. ಕೆಂಪು. ಹಳೇದು. ಮುದುಕಿ... ಮುದುಕಿ ಇದ್ಳು. ಬೆಕ್ಕು. ಭಾಳ ಬೆಕ್ಕು.’

‘ಎಷ್ಟು ಬೆಕ್ಕು?’

‘ಏಳು,’ ಅಂದು ಅಪ್ಪ, ಸ್ವಲ್ಪ ಯೋಚಿಸಿ, ‘ಅಲ್ಲ, ಒಂಬತ್ತು,’ ಅಂದ.

ವಾಲ್ವಿಗೂ ಬೆಕ್ಕಿಗೂ ಏನು ಸಂಬಂಧವೆಂದು ಆ ಮನುಷ್ಯ ಕೇಳಲಿಲ್ಲ. ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತನ್ನ ಅಂಗೈ ಮೇಲೆ ಬರೆಯತೊಡಗಿದ. ಪೆನ್ನಿಲ್ಲದೆ ನಾನು ಬೆರಳು ಮಡಚಿ ಎಣಿಸಿದೆ. ಅವ್ವ ಚಹಾ ತಂದಳು. ಅವನು ಮೊದಲ ಸಲ ಕುಡಿದ, ಏಕೆಂದರೆ ಅಪ್ಪ ಮುಗಿಸಲೇ ಇಲ್ಲ. ನಲವತ್ತು ನಿಮಿಷ, ನೂರಾ ಅರವತ್ತನಾಲ್ಕು ಪದ. ಒಂದೆರಡು ಕಡೆ ನನ್ನ ಎಣಿಕೆ ತಪ್ಪಿರಬಹುದು.

ಮೆಟ್ಟಿಲ ಹತ್ತಿರ ಅವನು ಪೆನ್ನು ಹಿಂದಿರುಗಿಸಿದ.

‘ನಾಳೆ ಅಗೆದು ನೋಡ್ತೀನಿ ಸಿಸ್ಟರ್. ಸಿಗ್ಲಿಲ್ಲ ಅಂದ್ರೆ ಮುಂದಿನ ಗುರುವಾರ ಬಂದು ಸರಿಯಾಗಿ ಕೇಳ್ಕೋತೀನಿ.’

‘ಬನ್ನಿ,’ ಎಂದೆ.